ಮಕ್ಕಳ ಅಂಕದ ಲೆಕ್ಕ ನಮ್ಮ ಕೈಯಲ್ಲಿರಲಿ
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕೆಲಸ ಬಿಟ್ಟು, ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಆದ್ದರಿಂದ ಮನೆಗೆ ಒಯ್ಯಲು ಏನಾದರೂ ಸಿಗುವಂಥ ಮಾತನ್ನೇ ಆಡಬೇಕು ಎಂದುಕೊಂಡು ಬಂದಿದ್ದೇವೆ.

ಮೊದಲು ಒಂದು ಪ್ರಶ್ನೆ. ನಿಮ್ಮ ಸಂಘದಲ್ಲಿ ಎಷ್ಟು ಉಳಿತಾಯ ಇದೆ? ನೋಡಿ, ಎಲ್ಲರೂ ಥಟ್ಟನೆ ಹೇಳುತ್ತೀರಿ. ಯಾರಿಗೆ ಎಷ್ಟು ಸಾಲ ಹೋಗಿದೆ, ಯಾರ ಕಂತು ಬಾಕಿ ಇದೆ, ಅದೂ ಬಾಯಲ್ಲೇ ಇದೆ. ಲೆಕ್ಕದ ಪುಸ್ತಕದಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆ ಆದರೆ ನಾವು ಯಾರೂ ಆ ದಿನ ಮನೆಗೆ ಹೋಗುವುದಿಲ್ಲ.

ಈಗ ಎರಡನೇ ಪ್ರಶ್ನೆ. ನಿಮ್ಮ ಮಗಳಿಗೆ ಕಳೆದ ಪರೀಕ್ಷೆಯಲ್ಲಿ ಗಣಿತದಲ್ಲಿ ಎಷ್ಟು ಬಂತು? ಅದರ ಹಿಂದಿನ ವರ್ಷ ಎಷ್ಟಿತ್ತು?

ಸಭೆ ಸುಮ್ಮನಾಯಿತು. "ಪಾಸಾಗಿದ್ದಾಳೆ ಸಿಸ್ಟರ್" ಅಂತ ಹಿಂದಿನಿಂದ ಒಂದು ಮಾತು ಬಂತು. ಸಂತೋಷ. ಆದರೆ ಸಂಘದ ಲೆಕ್ಕ ಕೇಳಿದರೆ "ಹಣ ಇದೆ" ಎಂದಷ್ಟೇ ನಾವು ಹೇಳುತ್ತೇವೆಯೇ? ಇಲ್ಲ. ಹಾಗಾದರೆ ಮಕ್ಕಳ ವಿಷಯದಲ್ಲಿ ಪಾಸು, ಫೇಲು ಎಂಬ ಎರಡೇ ಮಾತಿಗೆ ಯಾಕೆ ನಿಲ್ಲುತ್ತೇವೆ? ಇವತ್ತಿನ ಮಾತು ಇದೇ. ಮಕ್ಕಳ ಹಳೆಯ ಅಂಕಗಳು ಎಲ್ಲಿರುತ್ತವೆ, ಯಾರನ್ನು ಕೇಳಬೇಕು, ಕೊಡದಿದ್ದರೆ ಏನು ಮಾಡಬೇಕು.

ಒಂದು ತಾಯಿಯ ಕಥೆ

2025ರ ಮೇ ತಿಂಗಳು. ಎಸ್.ಎಸ್.ಎಲ್.ಸಿ. ಪರೀಕ್ಷೆ-1ರ ಫಲಿತಾಂಶ ಬಂದ ವಾರ. ನಮ್ಮ ಒಂದು ಸಂಘದ ಸದಸ್ಯೆ, ಕಾಫಿ ತೋಟದಲ್ಲಿ ಕೆಲಸ ಮಾಡುವಾಕೆ, ವಾರದ ಸಭೆಗೆ ಬಂದು ಮೂಲೆಯಲ್ಲಿ ಕೂತಳು. ಮುಖ ಬಾಡಿತ್ತು.

"ಮಗಳು ಫೇಲು ಸಿಸ್ಟರ್. ಇನ್ನು ಓದಿಸಿ ಏನು ಬಂತು? ನಮ್ಮ ಕಡೆಯವರೇ ಒಬ್ರು ಕೇಳ್ತಾ ಇದ್ದಾರೆ. ಕೊಟ್ಟು ಬಿಡೋಣ ಅಂತಾರೆ ಮನೇಲಿ."

ಹುಡುಗಿಗೆ ಹದಿನಾರು ವರ್ಷ. "ಅಮ್ಮಾ, ಹದಿನೆಂಟು ತುಂಬುವ ಮೊದಲು ಮದುವೆ ಮಾಡಿದರೆ ಅದು ಅಪರಾಧ, 2006ರ ಕಾನೂನು ಇದೆ, ಅದು ಆಗದ ಮಾತು" ಎಂದು ಮೊದಲೇ ಹೇಳಿದೆವು. ಆಮೇಲೆ ಕೇಳಿದೆವು, "ಎಷ್ಟು ಅಂಕ ಬಂದಿದೆ?"

"ಅದೆಲ್ಲ ಗೊತ್ತಿಲ್ಲ. ಮಗನ ಮೊಬೈಲಿನಲ್ಲಿ ಫೇಲು ಅಂತ ಬಂತು. ಇವಳು ಅತ್ತಳು. ನಾವೂ ಮುಂದೆ ಕೇಳಲಿಲ್ಲ."

ಮರುದಿನ ಆಕೆಯ ಜೊತೆ ಶಾಲೆಗೆ ಹೋದೆವು. ಹೆಡ್‌ಮೇಷ್ಟ್ರು ಫಲಿತಾಂಶದ ಪಟ್ಟಿ ತೆಗೆದು ತೋರಿಸಿದರು. ಕನ್ನಡ 125ಕ್ಕೆ 98. ಸಮಾಜ 61, ಹಿಂದಿ 58, ಇಂಗ್ಲಿಷ್ 44, ವಿಜ್ಞಾನ 41. ಗಣಿತ 24. ಒಟ್ಟು 625ಕ್ಕೆ 326. ಆರು ವಿಷಯದಲ್ಲಿ ಐದು ಪಾಸು. ಬಿದ್ದದ್ದು ಒಂದೇ ಒಂದು ವಿಷಯ.

ತಾಯಿ ಆ ಹಾಳೆಯನ್ನೇ ನೋಡುತ್ತಾ ನಿಂತಳು. "ಎಲ್ಲದರಲ್ಲೂ ಬಿದ್ದಿದ್ದಾಳೆ ಅಂದುಕೊಂಡಿದ್ದೆ" ಎಂದಳು. ಫೇಲು ಎಂಬ ಒಂದು ಪದ ಐದು ಪಾಸುಗಳನ್ನು ನುಂಗಿ ಹಾಕಿತ್ತು. ಆ ಒಂದು ಪದದ ಮೇಲೆ ಒಂದು ಹುಡುಗಿಯ ಬಾಳು ನಿರ್ಧಾರ ಆಗುವುದರಲ್ಲಿತ್ತು.

ಆಮೇಲೆ ಇನ್ನೊಂದು ಕೆಲಸ ಮಾಡಿದೆವು. "ಇವಳ ಹಿಂದಿನ ವರ್ಷಗಳ ಅಂಕವೂ ಸಿಗುತ್ತದಾ ಸಾರ್?" ಎಂದು ಕೇಳಿದೆವು. ಎಂಟನೇ, ಒಂಬತ್ತನೇ ತರಗತಿಯದ್ದು ಅಲ್ಲೇ ಸಿಕ್ಕಿತು. ಏಳನೆಯದಕ್ಕೆ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋದೆವು. ಏಳರಲ್ಲಿ ಗಣಿತ ಚೆನ್ನಾಗಿಯೇ ಇತ್ತು. ಎಂಟರ ಮೊದಲ ಅರ್ಧ ವರ್ಷವೂ ಪರವಾಗಿಲ್ಲ. ಎರಡನೇ ಅರ್ಧದಲ್ಲಿ ಧಡಕ್ಕನೆ ಇಳಿದಿತ್ತು. ಆಮೇಲೆ ಮೇಲೆ ಏಳಲೇ ಇಲ್ಲ.

ತಾಯಿಗೆ ಆಗ ನೆನಪಾಯಿತು. ಆ ವರ್ಷ ಕಾಫಿ ಕೊಯ್ಲಿನ ಸಮಯದಲ್ಲಿ ಆಕೆ ಬಿದ್ದು ಕಾಲು ಮುರಿದುಕೊಂಡಿದ್ದಳು. ಎರಡು ತಿಂಗಳು ಮನೆ, ಅಡುಗೆ, ಚಿಕ್ಕ ತಮ್ಮ ಎಲ್ಲ ಇವಳ ಮೇಲೆ. ಶಾಲೆ ತಪ್ಪಿತು. ಆ ಎರಡು ತಿಂಗಳಲ್ಲಿ ತರಗತಿಯಲ್ಲಿ ಆದ ಪಾಠ ಇವಳಿಗೆ ಸಿಗಲಿಲ್ಲ. ಗಣಿತ ಏಣಿ ಇದ್ದ ಹಾಗೆ. ನಡುವೆ ಎರಡು ಮೆಟ್ಟಿಲು ಇಲ್ಲದಿದ್ದರೆ ಮೇಲೆ ಹತ್ತುವುದು ಹೇಗೆ?

ಗಣಿತದ ಟೀಚರ್ ಒಳ್ಳೆಯವರು. ಆ ಹಳೆಯ ಅಂಕ ನೋಡಿ "ಹಾಗಾದ್ರೆ ಹತ್ತರ ಪುಸ್ತಕದಿಂದ ಬೇಡ, ಎಂಟರಿಂದ ಶುರು ಮಾಡೋಣ" ಎಂದರು. ಮೇ ಕೊನೆಯ ವಾರದಲ್ಲಿ ಪರೀಕ್ಷೆ-2 ಇತ್ತು. ಅದರಲ್ಲಿ 31 ಬಂತು, ಸಾಕಾಗಲಿಲ್ಲ. ಜುಲೈಯಲ್ಲಿ ಪರೀಕ್ಷೆ-3. ಅದರಲ್ಲಿ 38. ಪಾಸು. ಈಗ ಪಿ.ಯು.ಗೆ ಹೋಗುತ್ತಿದ್ದಾಳೆ. ವರ್ಷಕ್ಕೆ ಮೂರು ಪರೀಕ್ಷೆ ಬರೆಯುವ ಈ ಅವಕಾಶ 2024ರಲ್ಲಿ ಬಂದಿತ್ತು. ಬಿದ್ದ ವಿಷಯ ಮಾತ್ರ ಮತ್ತೆ ಬರೆದರೆ ಆಯಿತು.

ಈ ಕಥೆಯಲ್ಲಿ ನಾವು ಮಾಡಿದ್ದು ದೊಡ್ಡ ಕೆಲಸ ಏನೂ ಅಲ್ಲ. "ಎಷ್ಟು?" ಎಂದು ಕೇಳಿದೆವು, ಅಷ್ಟೇ.

ಕೇಳಲು ನಮಗೆ ಹಕ್ಕು ಇದೆಯೇ?

ಇದೆ. ಕೆಲವರು ಶಾಲೆಯ ಮೆಟ್ಟಿಲಲ್ಲೇ ನಿಂತು ಬಿಡುತ್ತೀರಿ. "ನಾವು ಓದಿಲ್ಲ, ನಮಗೇನು ಗೊತ್ತಾಗುತ್ತೆ" ಎಂಬ ಅಳುಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪಾಲಕರ ಸಭೆ ನಿಯಮಿತವಾಗಿ ಕರೆಯಬೇಕು, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ಇವನ್ನು ಪಾಲಕರಿಗೆ ತಿಳಿಸಬೇಕು ಎಂಬುದು ಅದರಲ್ಲಿ ಒಂದು. ಅಂದರೆ ಶಿಕ್ಷಕರು ನಮಗೆ ಅಂಕ ತೋರಿಸುವುದು ಉಪಕಾರ ಅಲ್ಲ, ಅವರ ಕೆಲಸದ ಭಾಗ. ಈ ಕಾಯ್ದೆ ಎಂಟನೇ ತರಗತಿಯವರೆಗೆ.

ಅದೇ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ. ಶಾಲೆಯ ಆಡಳಿತ ಸಮಿತಿಯಲ್ಲಿ, ನಾವು ಎಸ್.ಡಿ.ಎಂ.ಸಿ. ಅನ್ನುತ್ತೇವಲ್ಲ ಅದರಲ್ಲಿ, ನಾಲ್ಕರಲ್ಲಿ ಮೂರು ಭಾಗ ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ನಿಮ್ಮಲ್ಲಿ ಯಾರ್ಯಾರು ಎಸ್.ಡಿ.ಎಂ.ಸಿ.ಯಲ್ಲಿ ಇದ್ದೀರಿ? ಕೈ ಎತ್ತಿ. ಆರು ಜನ. ನೀವು ಆರು ಜನ ಅಲ್ಲಿ ಬರೀ ಸಹಿ ಹಾಕಲು ಹೋಗಬೇಡಿ.

"ಅಪ್ಪನನ್ನು ಕಳಿಸಿ" ಎಂದು ಹೇಳುವವರಿದ್ದಾರೆ. ಗಂಡ ಬಿಟ್ಟು ಹೋದ ತಾಯಂದಿರು, ಗಂಡ ದೂರದ ಊರಿನಲ್ಲಿ ದುಡಿಯುವ ತಾಯಂದಿರು ಈ ಮಾತಿಗೆ ಹೆದರಿ ವಾಪಸು ಬಂದದ್ದನ್ನು ನಾವು ನೋಡಿದ್ದೇವೆ. ಹೆದರಬೇಡಿ. 1999ರಲ್ಲಿ ಗೀತಾ ಹರಿಹರನ್ ಎಂಬ ತಾಯಿ ತಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನೇ ನೋಡಿತು. ತಂದೆ ಮಗುವಿನ ಜವಾಬ್ದಾರಿ ಹೊತ್ತಿಲ್ಲದಿದ್ದರೆ, ಅವನು ಬದುಕಿದ್ದರೂ ಸಹ, ತಾಯಿಯೇ ಸಹಜ ಪಾಲಕಿ ಎಂದು ಹೇಳಿತು. ಇನ್ನು ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಪಾಲಕರು, ಪೋಷಕರು ಎಂದು. ಅಪ್ಪ ಮಾತ್ರ ಎಂದು ಎಲ್ಲಿಯೂ ಹೇಳಿಲ್ಲ. ಮಗುವಿನ ಹೆಸರೂ ನಿಮ್ಮ ಹೆಸರೂ ಇರುವ ರೇಷನ್ ಕಾರ್ಡು, ನಿಮ್ಮ ಆಧಾರ್ ಜೊತೆಗಿರಲಿ. ಸಾಕು.

ಮಗಳಿಗೆ ಹದಿನೆಂಟು ತುಂಬಿದ ಮೇಲೆ ಅರ್ಜಿಗೆ ಅವಳದೇ ಸಹಿ ಬೇಕು. ಆಗ ಅಂಕ ಅವಳದು. ನಾವು ಜೊತೆಗೆ ಹೋಗಬಹುದು.

ಯಾವ ಅಂಕ ಎಲ್ಲಿರುತ್ತದೆ?

ಎಲ್ಲ ಅಂಕವೂ ಒಂದೇ ಕಡೆ ಇರುವುದಿಲ್ಲ. ಇದು ಗೊತ್ತಿಲ್ಲದೆ ಹೋದರೆ ಬಸ್ ಚಾರ್ಜು ದಂಡ. ಒಂದೊಂದಾಗಿ ಹೇಳುತ್ತೇವೆ.

ಒಂದು, ಶಾಲೆಯ ಪರೀಕ್ಷೆಗಳು. ವರ್ಷದಲ್ಲಿ ನಾಲ್ಕು ಸಣ್ಣ ಪರೀಕ್ಷೆ, ಎರಡು ದೊಡ್ಡ ಪರೀಕ್ಷೆ ಎಂಬ ಪದ್ಧತಿ ನಮ್ಮ ಶಾಲೆಗಳಲ್ಲಿ ಬಹಳ ವರ್ಷದಿಂದ ನಡೆದು ಬಂದಿದೆ. ಶಿಕ್ಷಕರು ಎಫ್.ಎ., ಎಸ್.ಎ. ಎನ್ನುತ್ತಾರೆ. ಇದರ ಅಂಕ ಪ್ರಗತಿ ಪತ್ರದಲ್ಲಿ ಇರುತ್ತದೆ. ಪ್ರಗತಿ ಪತ್ರ ಕಳೆದು ಹೋದರೂ ಚಿಂತೆ ಬೇಡ. ಶಾಲೆಯ ಅಂಕದ ವಹಿಯಲ್ಲಿ ಇರುತ್ತದೆ. ಕಂಪ್ಯೂಟರಿನಲ್ಲಿಯೂ ಏರಿಸುತ್ತಾರೆ. ಅದಕ್ಕೆ ಸ್ಯಾಟ್ಸ್ ಎಂದು ಹೆಸರು. ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ನಂಬರು ಇದೆ, ಶಾಲೆ ಬದಲಾದರೂ ಆ ನಂಬರು ಬದಲಾಗುವುದಿಲ್ಲ. ನಮ್ಮ ಬ್ಯಾಂಕ್ ಖಾತೆ ನಂಬರಿನ ಹಾಗೆ. ಇವತ್ತೇ ಮನೆಗೆ ಹೋಗಿ ಆ ನಂಬರನ್ನು ಬರೆದಿಟ್ಟುಕೊಳ್ಳಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪ್ರಗತಿ ಪತ್ರದಲ್ಲಿ ಶ್ರೇಣಿ ಮಾತ್ರ ಬರೆದಿದ್ದರೆ ಅಂಕವನ್ನೂ ಕೇಳಿ. 'ಬಿ ಪ್ಲಸ್' ಅಂದರೆ 50ರಿಂದ 69. ಐವತ್ತು ಬಂದವಳಿಗೂ ಬಿ ಪ್ಲಸ್, ಅರವತ್ತೊಂಬತ್ತು ಬಂದವಳಿಗೂ ಬಿ ಪ್ಲಸ್. ಇದರಿಂದ ಏನು ನಷ್ಟ? ಕೇಳಿ. ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ. ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ. ಒಟ್ಟು 48,000. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಆ ಪರೀಕ್ಷೆಗೆ ಕೂರಬೇಕಾದರೆ ಏಳನೇ ತರಗತಿಯಲ್ಲಿ ಶೇಕಡಾ 55 ಅಂಕ ಇರಬೇಕು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇಕಡಾ 50. ಈಗ ಹೇಳಿ, ಬಿ ಪ್ಲಸ್ ಎಂಬುದನ್ನು ನೋಡಿ 55 ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಎರಡು, ಎಸ್.ಎಸ್.ಎಲ್.ಸಿ. ಮತ್ತು ಪಿ.ಯು. ಇದರ ಅಂಕ ಮಂಡಲಿಯ ಹತ್ತಿರ. ಹಿಂದೆ ಎರಡಕ್ಕೂ ಬೇರೆ ಬೇರೆ ವ್ಯವಸ್ಥೆ ಇತ್ತು. 2022ರಿಂದ ಎರಡೂ ಸೇರಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಆಗಿದೆ. ಫಲಿತಾಂಶದ ದಿನ ಮೊಬೈಲಿನಲ್ಲಿ ಕಾಣುವುದು ಮಾಹಿತಿಗೆ ಮಾತ್ರ. ದಾಖಲೆ ಅಂದರೆ ಅಂಕಪಟ್ಟಿ, ಮಾರ್ಕ್ಸ್ ಕಾರ್ಡು. ಇತ್ತೀಚಿನ ವರ್ಷಗಳ ಅಂಕಪಟ್ಟಿಗಳು ಡಿಜಿಲಾಕರ್ ಎಂಬ ಸರ್ಕಾರದ ಮೊಬೈಲ್ ವ್ಯವಸ್ಥೆಯಲ್ಲಿಯೂ ಸಿಗುತ್ತವೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಆಧಾರಿಗೆ ಸೇರಿದ ಮೊಬೈಲ್ ನಂಬರು ಕೈಯಲ್ಲಿದ್ದರೆ ಸಾಕು. ಹಾಗೆ ತೆಗೆದ ಅಂಕಪಟ್ಟಿಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಬೆಲೆ.

ಮೂರು, ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ ಇಟ್ಟು ನಡೆಸಿದ ಮೌಲ್ಯಾಂಕನ. ನಿಮ್ಮಲ್ಲಿ ಹಿರಿಯರಿಗೆ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ನೆನಪಿರಬಹುದು. ಅದು ಹೋಗಿ ಬಹಳ ವರ್ಷವಾಯಿತು. 2023ರ ಮಾರ್ಚ್‌ನಲ್ಲಿ 5 ಮತ್ತು 8ನೇ ತರಗತಿಗೆ ಇಂಥದೊಂದು ನಡೆಯಿತು. 2024ರ ಮಾರ್ಚ್‌ನಲ್ಲಿ 5, 8, 9ಕ್ಕೆ ನಡೆಯಿತು. ಆದರೆ ಆ ವರ್ಷದ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಆದ್ದರಿಂದ 2024ರ ಆ ಅಂಕ ಕೇಳಿದಾಗ ಶಾಲೆಯವರು "ಇಲ್ಲ" ಎಂದರೆ ಜಗಳ ಆಡಬೇಡಿ. ಅದೇ ವರ್ಷದ ಎಫ್.ಎ., ಎಸ್.ಎ. ಅಂಕ ಕೇಳಿ.

ನಾಲ್ಕು, ದೇಶದ ಮಟ್ಟದ ಸಮೀಕ್ಷೆ. 2021ರ ನವೆಂಬರ್ 12ರಂದು ಒಂದು ನಡೆಯಿತು, 2024ರ ಡಿಸೆಂಬರ್ 4ರಂದು ಪರಖ್ ಎಂಬ ಹೆಸರಿನಲ್ಲಿ ಇನ್ನೊಂದು ನಡೆಯಿತು. "ನನ್ನ ಮಗ ಅದನ್ನು ಬರೆದಿದ್ದಾನೆ, ಅಂಕ ಎಲ್ಲಿ?" ಎಂದು ಒಬ್ಬರು ತಾಯಿ ಕೇಳಿದರು. ಅದರಲ್ಲಿ ಒಂದೊಂದು ಮಗುವಿಗೂ ಅಂಕ ಕೊಡುವುದಿಲ್ಲ. ಜಿಲ್ಲೆಯ ಮಕ್ಕಳು ಒಟ್ಟಾರೆ ಎಷ್ಟು ಕಲಿತಿದ್ದಾರೆ ಎಂದು ನೋಡಲು ಕೆಲವು ಶಾಲೆಗಳನ್ನು ಆರಿಸಿ ನಡೆಸುವ ಸಮೀಕ್ಷೆ ಅದು. ಆ ಅಂಕಕ್ಕಾಗಿ ಅಲೆಯಬೇಡಿ.

ಹೇಗೆ ಕೇಳಬೇಕು?

ಮೊದಲು ಬಾಯಿಮಾತಿನಲ್ಲಿ, ಮರ್ಯಾದೆಯಿಂದ. ತರಗತಿಯ ಟೀಚರ್ ಹತ್ತಿರ ಹೋಗಿ. ಪಾಠದ ನಡುವೆ ಬೇಡ. ಬಿಡುವಿನ ಸಮಯ ಕೇಳಿಕೊಂಡು ಹೋಗಿ. ಬಹಳಷ್ಟು ಶಿಕ್ಷಕರು ಸಂತೋಷದಿಂದ ತೋರಿಸುತ್ತಾರೆ. "ಅಮ್ಮಂದಿರು ಬಂದು ಕೇಳೋದೇ ಇಲ್ಲ ಸಿಸ್ಟರ್" ಎಂದು ನಮಗೆ ಹೇಳಿದ ಶಿಕ್ಷಕರು ಎಷ್ಟೋ ಜನ.

ಬಾಯಿಮಾತಿಗೆ ಆಗದಿದ್ದರೆ ಒಂದು ಅರ್ಜಿ. ಬರೆಯಲು ಬರುವ ಸದಸ್ಯೆಯರು ಬರೆದುಕೊಡಿ. ಹೀಗೆ ಬರೆದರೆ ಸಾಕು:

"ಮುಖ್ಯೋಪಾಧ್ಯಾಯರಿಗೆ. ಮಾನ್ಯರೇ, ನನ್ನ ಮಗಳು (ಹೆಸರು) ನಿಮ್ಮ ಶಾಲೆಯಲ್ಲಿ (ತರಗತಿ) ಓದುತ್ತಿದ್ದಾಳೆ. ಅವಳ ಸ್ಯಾಟ್ಸ್ ನಂಬರು (ನಂಬರು). ಅವಳ 7, 8 ಮತ್ತು 9ನೇ ತರಗತಿಯ ಎಲ್ಲಾ ಪರೀಕ್ಷೆಗಳ, ವಿಷಯವಾರು ಅಂಕಗಳ ದೃಢೀಕೃತ ಪ್ರತಿ ನನಗೆ ಬೇಕಾಗಿದೆ. ದಯವಿಟ್ಟು ಕೊಡಬೇಕಾಗಿ ಕೋರುತ್ತೇನೆ. ಇಂತಿ, ತಾಯಿ (ಸಹಿ ಅಥವಾ ಹೆಬ್ಬೆಟ್ಟು), ದಿನಾಂಕ."

ಎರಡು ಪ್ರತಿ ಮಾಡಿ. ಒಂದನ್ನು ಕೊಡಿ, ಇನ್ನೊಂದರ ಮೇಲೆ "ಸ್ವೀಕರಿಸಿದೆ" ಎಂದು ಸಹಿ, ಸೀಲು ಹಾಕಿಸಿ. ಬ್ಯಾಂಕಿನಲ್ಲಿ ಹಣ ಕಟ್ಟಿ ರಸೀದಿ ಇಲ್ಲದೆ ಬರುತ್ತೇವೆಯೇ? ಇದೂ ಹಾಗೆಯೇ.

ಶಾಲೆ ಕೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿ.ಇ.ಒ. ಕಚೇರಿ. ಅದೂ ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿ ಶುಲ್ಕ, ಬಿ.ಪಿ.ಎಲ್. ಕಾರ್ಡಿನವರಿಗೆ ಆ ಶುಲ್ಕವೂ ಇಲ್ಲ, ಕಾರ್ಡಿನ ಜೆರಾಕ್ಸ್ ಇಟ್ಟರಾಯಿತು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಬರೆಯಲು ಬರದಿದ್ದರೆ ಬಾಯಲ್ಲಿ ಹೇಳಿ, ಬರೆದುಕೊಳ್ಳಲು ಸಹಾಯ ಮಾಡುವುದು ಆ ಕಚೇರಿಯ ಮಾಹಿತಿ ಅಧಿಕಾರಿಯ ಕರ್ತವ್ಯ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗಕ್ಕೆ. ಖಾಸಗಿ ಶಾಲೆಯಾದರೆ ಅರ್ಜಿಯನ್ನು ಬಿ.ಇ.ಒ. ಕಚೇರಿಗೆ ಹಾಕಿ. ಆದರೆ ಒಂದು ಮಾತು. ಮಾಹಿತಿ ಹಕ್ಕು ಕೊನೆಯ ಬಾಗಿಲು. ಒಂದು ವಿನಂತಿಯಿಂದ ಆಗುವ ಕೆಲಸಕ್ಕೆ ಮೊದಲ ದಿನವೇ ಇದನ್ನು ಹಿಡಿದು ಹೋಗಿ ಶಿಕ್ಷಕರ ಜೊತೆ ಮನಸ್ಸು ಕೆಡಿಸಿಕೊಳ್ಳಬೇಡಿ. ಮಗು ನಾಳೆ ಅವರ ಹತ್ತಿರವೇ ಕಲಿಯಬೇಕು.

ಅಂಕದ ಮೇಲೆ ಸಂಶಯ ಇದ್ದರೆ

"ಚೆನ್ನಾಗಿ ಬರೆದಿದ್ದೆ, ಇಷ್ಟು ಕಡಿಮೆ ಯಾಕೆ ಬಂತು?" ಎಂದು ಮಗು ಹೇಳಿದರೆ ಗದರಬೇಡಿ. ಎಸ್.ಎಸ್.ಎಲ್.ಸಿ., ಪಿ.ಯು.ನಲ್ಲಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು. ಅದನ್ನು ವಿಷಯದ ಟೀಚರಿಗೆ ತೋರಿಸಿ. ಬಿಟ್ಟು ಹೋದ ಉತ್ತರ ಇದೆ, ಕೂಡಿದ್ದು ತಪ್ಪಾಗಿದೆ ಎಂದು ಅವರು ಹೇಳಿದರೆ ಮರು ಎಣಿಕೆಗೋ ಮರು ಮೌಲ್ಯಮಾಪನಕ್ಕೋ ಅರ್ಜಿ ಹಾಕಬಹುದು. ಶುಲ್ಕ ಇದೆ, ವಿಷಯಕ್ಕೆ ಇಷ್ಟು ಎಂದು ಮಂಡಲಿ ಪ್ರಕಟಿಸುತ್ತದೆ. ಫಲಿತಾಂಶ ಬಂದ ಮೇಲೆ ಕೆಲವೇ ದಿನ ಅವಕಾಶ. ಆದ್ದರಿಂದ ಅಳುತ್ತಾ ಒಂದು ವಾರ ಕಳೆಯಬೇಡಿ, ಎರಡನೇ ದಿನವೇ ಶಾಲೆಗೆ ಹೋಗಿ ಕೊನೆಯ ದಿನಾಂಕ ಕೇಳಿ. ಶುಲ್ಕಕ್ಕೆ ತೊಂದರೆ ಇದ್ದರೆ ಸಂಘದಲ್ಲಿ ಹೇಳಿ. ಇಂಥದ್ದಕ್ಕಲ್ಲದೆ ಸಂಘದ ಸಾಲ ಇನ್ಯಾವುದಕ್ಕೆ?

ತನ್ನ ಉತ್ತರಪತ್ರಿಕೆಯನ್ನು ನೋಡುವುದು ವಿದ್ಯಾರ್ಥಿಯ ಹಕ್ಕು ಎಂದು 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ, ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ. ಆದರೆ ಉತ್ತರಪತ್ರಿಕೆಗಳನ್ನು ಎಂದೆಂದಿಗೂ ಇಡುವುದಿಲ್ಲ. ಗೊತ್ತುಪಡಿಸಿದ ಸಮಯ ಕಳೆದ ಮೇಲೆ ನಾಶ ಮಾಡುತ್ತಾರೆ. ಅಂಕ ಉಳಿಯುತ್ತದೆ, ಉತ್ತರಪತ್ರಿಕೆ ಉಳಿಯುವುದಿಲ್ಲ.

ಅಂಕಪಟ್ಟಿ ಕಳೆದು ಹೋಗಿದ್ದರೆ

2018ರ ಮತ್ತು 2019ರ ಆಗಸ್ಟ್ ಮಳೆಯನ್ನು ನಾವು ಮರೆಯುವ ಹಾಗಿಲ್ಲ. ಕೊಡಗಿನಲ್ಲಿ, ಮಲೆನಾಡಿನಲ್ಲಿ ಗುಡ್ಡ ಜಾರಿ ಮನೆಗಳು ಹೋದವು. ಪರಿಹಾರ ಶಿಬಿರದಲ್ಲಿ ಅಕ್ಕಿ ಸಿಕ್ಕಿತು, ಬಟ್ಟೆ ಸಿಕ್ಕಿತು. ಆಮೇಲೆ ಮಗ ಐ.ಟಿ.ಐ.ಗೆ ಹೋಗಲು ನಿಂತಾಗ "ಮಾರ್ಕ್ಸ್ ಕಾರ್ಡು ಎಲ್ಲಿ?" ಎಂಬ ಪ್ರಶ್ನೆ ಬಂತು. ಮಣ್ಣಿನ ಅಡಿಯಲ್ಲಿ.

ಹೀಗಾದರೆ ಮಗು ಕೊನೆಗೆ ಓದಿದ ಶಾಲೆಗೆ ಹೋಗಿ. ಪರೀಕ್ಷೆ ಬರೆದ ವರ್ಷ, ತಿಂಗಳು, ರಿಜಿಸ್ಟರ್ ನಂಬರು, ಹುಟ್ಟಿದ ದಿನಾಂಕ ಬೇಕು. ನಂಬರು ನೆನಪಿಲ್ಲದಿದ್ದರೆ ಶಾಲೆಯ ಫಲಿತಾಂಶದ ಪಟ್ಟಿಯಲ್ಲಿ ಹುಡುಕಬಹುದು. ಮುಖ್ಯೋಪಾಧ್ಯಾಯರ ಮೂಲಕ ಮಂಡಲಿಗೆ ಅರ್ಜಿ ಹೋಗುತ್ತದೆ. ಕಳೆದು ಹೋದ ಬಗ್ಗೆ ಪ್ರಮಾಣಪತ್ರ, ಪೊಲೀಸ್ ಠಾಣೆಗೆ ಕೊಟ್ಟ ದೂರಿನ ಪ್ರತಿ ಕೇಳಬಹುದು. ಶುಲ್ಕ ಕಟ್ಟಿದ ಮೇಲೆ ಎರಡನೇ ಪ್ರತಿ ಕೊಡುತ್ತಾರೆ.

ಇದು ಸಕಾಲ ಕಾಯ್ದೆಯ ಸೇವೆಗಳಲ್ಲಿ ಒಂದು. ಅಂದರೆ ಇಷ್ಟು ದಿನದೊಳಗೆ ಕೊಡಬೇಕು ಎಂದು ಗೊತ್ತುಪಡಿಸಿದ್ದಾರೆ. ಅರ್ಜಿ ಕೊಟ್ಟಾಗ ಸಕಾಲ ನಂಬರು ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಲು ಆ ಕಾಯ್ದೆಯಲ್ಲಿ ಅವಕಾಶ ಇದೆ. ಹಣ ಸಣ್ಣದು, ಆದರೆ ನಂಬರು ಕೇಳುವವರ ಅರ್ಜಿ ಮೇಜಿನ ಮೇಲೆ ಮಲಗುವುದಿಲ್ಲ.

ಶಾಲೆ ಬದಲಾಯಿಸುವಾಗ ಇನ್ನೊಂದು ತೊಂದರೆ ಬರುತ್ತದೆ. "ಫೀಸು ಬಾಕಿ ಇದೆ, ಟಿ.ಸಿ. ಕೊಡುವುದಿಲ್ಲ." ಎಂಟನೇ ತರಗತಿಯವರೆಗಿನ ಮಗುವನ್ನು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವುದಾದರೆ, ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಟಿ.ಸಿ. ತಡವಾಯಿತು ಎಂದು ಹೊಸ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ. ಮಗುವನ್ನು ಮೊದಲು ಸೇರಿಸಿ. ಹಾಳೆಗಳು ಆಮೇಲೆ ಬರಲಿ.

ಅಂಕ ಕೈಗೆ ಬಂದ ಮೇಲೆ

ಇದು ಎಲ್ಲಕ್ಕಿಂತ ಮುಖ್ಯ. ಅಂಕ ಕೇಳಿ ತಂದದ್ದು ಮಗುವಿಗೆ ಹೊಡೆಯಲು ಅಲ್ಲ. ಹಾಗೆ ಮಾಡುವುದಾದರೆ ದಯವಿಟ್ಟು ತರಲೇಬೇಡಿ. ಪಕ್ಕದ ಮನೆಯ ಹುಡುಗನ ಅಂಕದ ಜೊತೆ ತೂಗಬೇಡಿ. ನಿಮ್ಮ ಮಗುವಿನ ಹಿಂದಿನ ವರ್ಷದ ಅಂಕದ ಜೊತೆ ಇಟ್ಟು ನೋಡಿ. ಎಲ್ಲಿ ಏರಿದೆ, ಎಲ್ಲಿ ಇಳಿದಿದೆ? ಇಳಿದ ಆ ಸಮಯದಲ್ಲಿ ನಮ್ಮ ಮನೆಯಲ್ಲಿ ಏನಾಗಿತ್ತು? ಕಾಯಿಲೆ ಇತ್ತೇ? ಕುಡಿತದ ಜಗಳ ಇತ್ತೇ? ಗುಳೆ ಹೋಗಿದ್ದೆವೇ? ಹುಡುಗಿ ದೊಡ್ಡವಳಾದ ಮೇಲೆ ಶಾಲೆ ತಪ್ಪಿಸಿದೆವೇ? ಬೋರ್ಡು ಕಾಣದೆ ಕಣ್ಣು ಕಿರಿದು ಮಾಡಿ ನೋಡುತ್ತಿದೆಯೇ? ಅಂಕ ಮಗುವಿನ ಬುದ್ಧಿಯನ್ನು ಮಾತ್ರ ಹೇಳುವುದಿಲ್ಲ, ಮನೆಯ ಕಥೆಯನ್ನೂ ಹೇಳುತ್ತದೆ. ಕಾಲು ಮುರಿದುಕೊಂಡ ಆ ತಾಯಿ ಅಂದು ಶಾಲೆಯಿಂದ ಹೊರಗೆ ಬರುವಾಗ ಮಗಳ ತಲೆ ಸವರಿ, "ನೀನು ದಡ್ಡಿ ಅಲ್ಲ ಮಗಾ, ನಮಗಾಗಿ ಬಿಟ್ಟದ್ದು ನೀನು" ಎಂದಳು. ಆ ಹುಡುಗಿ ಗಣಿತಕ್ಕೆ ಮತ್ತೆ ಕೂತದ್ದು ಆ ಮಾತಿನಿಂದ ಎಂದು ನಮ್ಮ ನಂಬಿಕೆ.

ಈಗ ಕೆಲಸದ ಮಾತು. ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ಠರಾವು ಪುಸ್ತಕದಲ್ಲಿ ಮೂರು ಸಾಲು ಬರೆಯಲಿ:

1. ನಮ್ಮ ಸಂಘದ ಪ್ರತಿ ಮನೆಯಲ್ಲಿ ಪ್ರತಿ ಮಗುವಿಗೆ ಒಂದು ಫೈಲು ಇರಬೇಕು. ಅದರಲ್ಲಿ ಜನನ ಪ್ರಮಾಣಪತ್ರ, ಸ್ಯಾಟ್ಸ್ ನಂಬರು, ಎಲ್ಲ ವರ್ಷಗಳ ಪ್ರಗತಿ ಪತ್ರ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒದ್ದೆಯಾಗದ ಎತ್ತರದ ಜಾಗದಲ್ಲಿ ಇಡಬೇಕು. ಜೆರಾಕ್ಸ್ ಒಂದು ಪ್ರತಿ ನೆಂಟರ ಮನೆಯಲ್ಲಿ.

2. ಏಳನೇ ತರಗತಿ ಮುಗಿಸಿದ ಮಕ್ಕಳ ಅಂಕವನ್ನು ಬೇಸಿಗೆ ರಜೆಯೊಳಗೆ ಕೇಳಿ ತರಬೇಕು. ಶೇಕಡಾ 55 ದಾಟಿದವರ ಹೆಸರನ್ನು ಎನ್.ಎಂ.ಎಂ.ಎಸ್. ಪರೀಕ್ಷೆಗೆ ಹಾಕಲು ಎಂಟನೇ ತರಗತಿಯ ಟೀಚರಿಗೆ ಶಾಲೆ ಶುರುವಾದ ಕೂಡಲೇ ನೆನಪಿಸಬೇಕು.

3. ಓದು ಬಾರದ ತಾಯಿ ಒಬ್ಬಳೇ ಶಾಲೆಗೆ ಹೋಗಬೇಕಾಗಿಲ್ಲ. ಓದು ಬರುವ ಒಬ್ಬ ಸದಸ್ಯೆ ಜೊತೆಗೆ ಹೋಗಬೇಕು. ಆದರೆ ಒಳಗೆ ಮಾತಾಡುವುದು ತಾಯಿಯೇ.

ಸಂಘ ಶುರುವಾದ ಹೊಸದರಲ್ಲಿ ನಮ್ಮಲ್ಲಿ ಎಷ್ಟೋ ಜನ ಬ್ಯಾಂಕಿನ ಬಾಗಿಲು ದಾಟಲು ಹೆದರುತ್ತಿದ್ದಿರಿ. ಈಗ ಮ್ಯಾನೇಜರ ಎದುರು ಕುರ್ಚಿ ಎಳೆದುಕೊಂಡು ಕೂತು ಬಡ್ಡಿ ಎಷ್ಟು ಎಂದು ಕೇಳುತ್ತೀರಿ. ಶಾಲೆಯ ಬಾಗಿಲು ಬ್ಯಾಂಕಿನ ಬಾಗಿಲಿಗಿಂತ ದೊಡ್ಡದೇನಲ್ಲ. ಒಳಗೆ ಇರುವುದು ನಿಮ್ಮದೇ ಮಗುವಿನ ಲೆಕ್ಕ. ಹೋಗಿ ಕೇಳಿ. ಮುಂದಿನ ಒಕ್ಕೂಟದ ಸಭೆಯಲ್ಲಿ ನಾವು ಉಳಿತಾಯದ ಲೆಕ್ಕದ ಜೊತೆ ಈ ಲೆಕ್ಕವನ್ನೂ ಕೇಳುತ್ತೇವೆ. ಆಗ ಸಭೆ ಇವತ್ತಿನ ಹಾಗೆ ಸುಮ್ಮನಾಗಬಾರದು.